ಕಯೋಟಿ ಬೇಟೆಗೆ ಕ್ಯಾಲಿಬರ್ ಯಾವುದು, ಗುಂಡು ಎಲ್ಲಿ ತಾಗಬೇಕು: ನನ್ನ ಅನುಭವ

ಕಯೋಟಿ ಉತ್ತರ ಅಮೆರಿಕದ, ನಾಯಿ ಜಾತಿಯ ಕಾಡುಪ್ರಾಣಿ. ಚಳಿಗಾಲದಲ್ಲಿ ಕಣ್ಣಿಗೆ ತೋರುವಷ್ಟು ಅದು ನಿಜಕ್ಕೂ ದೊಡ್ಡದಲ್ಲ. ಅಮೆರಿಕದ ಪಶ್ಚಿಮ ಕಾನ್ಸಸ್‌ನ ಹುಲ್ಲುಗಾವಲಲ್ಲಿ ಬೆಳೆದ ಪ್ರಾಣಿ ಸಾಮಾನ್ಯವಾಗಿ 11ರಿಂದ 16 ಕಿಲೋ ತೂಗುತ್ತದೆ. ನಮ್ಮೂರ ಗುಳ್ಳೆನರಿಗಿಂತ ಒಂದು ಸುತ್ತು ದೊಡ್ಡದು, ಅಷ್ಟೆ. ಎದೆಯಡಿ ಕಾಣುವ ಅಂಚಿನಲ್ಲಿ ಒಂದೆರಡು ಇಂಚು ಬರೀ ಕೂದಲು. ಹೃದಯ, ಶ್ವಾಸಕೋಶ ಸೇರಿ ಗುರಿಗೆ ಸಿಗುವುದು ಸುಮಾರು 5 ಇಂಚು. ಈ ಗಾಳಿಯಲ್ಲಿ ಎಷ್ಟು ದೂರದವರೆಗೆ ಆ 5 ಇಂಚಿನೊಳಗೆ ಗುಂಡು ಇಡಬಲ್ಲೆ ಎಂಬ ಲೆಕ್ಕದಿಂದಲೇ ನಾನು ರೈಫಲ್, ಅದರ ಕ್ಯಾಲಿಬರ್ (ನಳಿಗೆ ಮತ್ತು ಕಾಡತೂಸಿನ ಅಳತೆ) ಆರಿಸಿದ್ದು.

ನನ್ನದು .22-250 ರೆಮಿಂಗ್ಟನ್ ಎಂಬ ಕಾಡತೂಸಿನ ರೈಫಲ್. ಅದರ 55 ಗ್ರೇನ್ (ಸುಮಾರು ಮೂರೂವರೆ ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 3,680 ಅಡಿ ವೇಗದಲ್ಲಿ ಹೊರಡುತ್ತದೆ, ಅದೇ ತೂಕದ್ದು .223 ಎಂಬ ಇನ್ನೊಂದು ಕಾಡತೂಸಿನಲ್ಲಿ 3,240 ಅಡಿ. ಎರಡನ್ನೂ 200 ಗಜದಲ್ಲಿ ಗುರಿಗೆ ಸರಿಯಾಗಿ ತಾಗುವಂತೆ ಹೊಂದಿಸಿದರೆ 300 ಗಜದಲ್ಲಿ ಮೊದಲನೆಯದು ಸುಮಾರು 5 ಇಂಚು, ಎರಡನೆಯದು ಆರೂವರೆ ಇಂಚು ಕೆಳಗಿಳಿಯುತ್ತದೆ. ಈ ಇಳಿತ ಗೊತ್ತಿರುವ ಲೆಕ್ಕ, ಹೆದರಬೇಕಿಲ್ಲ. ತೊಂದರೆ ಕೊಡುವುದು ಅಡ್ಡಗಾಳಿ. ಗಂಟೆಗೆ 10 ಮೈಲಿ ಗಾಳಿ 300 ಗಜದಲ್ಲಿ .22-250ರ ಗುಂಡನ್ನು ಸುಮಾರು 8 ಇಂಚು, .223ರದನ್ನು 9 ಇಂಚಿಗೂ ಹೆಚ್ಚು ತಳ್ಳುತ್ತದೆ. ಗಾಳಿಯ ಅಂದಾಜು ಅರ್ಧ ತಪ್ಪಿದರೂ ಗುಂಡು ಹೊಟ್ಟೆಗೆ ಬೀಳುತ್ತದೆ. ಹಾಗಾಗಿ ಹುಲ್ಲು ಬಾಗುವಷ್ಟು ಗಾಳಿಯಿದ್ದ ದಿನ 200 ಗಜದಾಚೆ ನಾನು ಈಡು ಹೊಡೆಯುವುದಿಲ್ಲ.

ಹೊಸಬರಿಗೆ .223 ಸಾಕು. ಕಾಡತೂಸು ಅಗ್ಗ, ಒದೆತ ಕಡಿಮೆ, ಗುಂಡು ತಾಗಿದ್ದು ಸ್ಕೋಪ್‌ನಲ್ಲೇ (ರೈಫಲ್ ಮೇಲಿನ ದೂರದರ್ಶಕ) ಕಾಣುತ್ತದೆ. .22-250ರ ನಳಿಗೆ ಬೇಗ ಬಿಸಿಯಾಗಿ ಬೇಗ ಸವೆಯುತ್ತದೆ. ಗುಂಡನ್ನು ತಿರುಗಿಸುವ ಒಳಗಿನ ಗೆರೆ 14 ಇಂಚಿಗೆ ಒಂದೇ ಸುತ್ತು ಬರುವ ಹಳೆಯ ನಳಿಗೆಗಳಲ್ಲಿ ಉದ್ದನೆಯ ಭಾರದ ಗುಂಡು ನೆಟ್ಟಗೆ ಹಾರುವುದಿಲ್ಲ. ಇನ್ನೂ ದೊಡ್ಡ .243 ವಿಂಚೆಸ್ಟರ್ ಗಾಳಿಗೆ ಒಳ್ಳೆಯದು, ಆದರೆ ತೊಗಲು ಹಾಳು ಮಾಡುತ್ತದೆ. ಪುಟ್ಟ ಕಾಡತೂಸುಗಳಾದ .22 ಎಲ್‌ಆರ್, .17 ಎಚ್‌ಎಂಆರ್ ಎರಡೂ ಬೇಡ, ಗಾಯಗೊಂಡ ಪ್ರಾಣಿ ಓಡಿಹೋಗುತ್ತದೆ.

ಕ್ಯಾಲಿಬರ್‌ಗಿಂತ ಗುಂಡಿನ ರಚನೆಯಲ್ಲೇ ಹೆಚ್ಚು ಜನ ತಪ್ಪುತ್ತಾರೆ. ಸೈನ್ಯದ ಮಾದರಿಯ ಪೂರ್ಣ ಕವಚದ ಗುಂಡು ಸೂಜಿಯಂತೆ ತೂರಿಹೋಗಬಹುದು, ಕಲ್ಲಿಗೆ ತಾಗಿ ಚಿಮ್ಮಲೂಬಹುದು. ನಾನು ಬಳಸುವುದು ಪ್ಲಾಸ್ಟಿಕ್ ಮೊನೆಯ, ಎದೆಯೊಳಗೆ ಒಡೆಯುವ ಗುಂಡು. ಆದರೆ ಅತಿ ಹಗುರವೂ ಸಲ್ಲದು. .204 ರೂಗರ್ ಎಂಬ ಕಾಡತೂಸಿನ 32 ಗ್ರೇನ್ ಗುಂಡು ಹತ್ತಿರದಿಂದ ಭುಜದ ಮೂಳೆಗೆ ಬಡಿದರೆ ಮೇಲೆಯೇ ಪುಡಿಯಾಗಿ, ಅಗಲ ಗಾಯ ಮಾಡಿ ನಿಲ್ಲುವುದುಂಟು. ಅದರಲ್ಲಿ 40 ಗ್ರೇನ್ ವಾಸಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಎಲ್ಲ ಬೇಟೆಗೂ ಸೀಸವಿಲ್ಲದ ಗುಂಡೇ ಕಡ್ಡಾಯ.

ಅಡ್ಡಲಾಗಿ ನಿಂತಿದ್ದರೆ ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಮೇಲೇರಿ, ಎದೆಯ ಕೆಳಗಿನ ಮೂರನೇ ಒಂದು ಭಾಗ ಮುಗಿಯುವಲ್ಲಿ ಇಡಿ. ಪ್ರಾಣಿಯ ಕೂಗು ಅನುಕರಿಸಿ ಕರೆದಾಗ ಬರುವ ಕಯೋಟಿ ಬಹುಪಾಲು ನಿಮ್ಮನ್ನೇ ನೋಡುತ್ತಿರುತ್ತದೆ. ಆಗ ಕೊರಳು ಎದೆಗೆ ಸೇರುವ ಜಾಗ ಗುರಿ. ಅಲ್ಲಿ ಅಗಲ ಇನ್ನೂ ಕಡಿಮೆ, 150 ಗಜದೊಳಗಿದ್ದರೆ ಮಾತ್ರ ಹೊಡೆಯಿರಿ. ಓರೆಯಾಗಿ ಆಚೆ ತಿರುಗಿದ್ದರೆ ಆ ಬದಿಯ ಭುಜಕ್ಕೆ ಗುರಿಯಿಟ್ಟು, ಗುಂಡು ಈ ಬದಿಯ ಕೊನೆಯ ಪಕ್ಕೆಲುಬುಗಳ ಹತ್ತಿರ ಒಳಹೋಗುವಂತೆ ನೋಡಿಕೊಳ್ಳಿ. ತಲೆ ಸದಾ ಅಲುಗುತ್ತಿರುತ್ತದೆ. ದವಡೆ ಮುರಿದ ಪ್ರಾಣಿ ದಿನಗಟ್ಟಲೆ ನರಳಿ ಸಾಯುತ್ತದೆ, ಅತ್ತ ಗುರಿಯಿಡಲೇಬೇಡಿ. ಓಡುತ್ತಿದ್ದರೆ ಬಾಯಲ್ಲಿ ಒಮ್ಮೆ ಬೊಗಳಿ, ಬಹಳ ಸಲ ನಿಲ್ಲುತ್ತದೆ. ದಿಬ್ಬದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿದ್ದರೆ ಎಷ್ಟೇ ಚೆನ್ನಾಗಿ ನಿಂತಿರಲಿ, ಬಿಟ್ಟುಬಿಡಿ. ಗುಂಡಿನ ಹಿಂದೆ ಮಣ್ಣಿರಬೇಕು.

ಎಚ್-1ಬಿಯಂತಹ ತಾತ್ಕಾಲಿಕ ವೀಸಾದವರಿಗೆ ಅಮೆರಿಕದ ಕೇಂದ್ರ ಕಾನೂನು ಬಂದೂಕು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅದಕ್ಕಿರುವ ಮುಖ್ಯ ವಿನಾಯಿತಿ. ರೈಫಲ್ ಮುಟ್ಟುವ ಮೊದಲೇ ಅದು ಕೈಯಲ್ಲಿರಲಿ.

ಈಡು ಹೊಡೆದ ಕೂಡಲೇ ಬೋಲ್ಟ್ ಎಳೆದು ಎರಡನೇ ಕಾಡತೂಸು ಏರಿಸಿ, ಸ್ಕೋಪ್‌ನಿಂದ ಕಣ್ಣು ತೆಗೆಯದೆ ಒಂದು ನಿಮಿಷ ಕಾಯಿರಿ. ಹಿಂದಿನಿಂದ ಹತ್ತಿರ ಹೋಗಿ ಕಣ್ಣುಗುಡ್ಡೆಗೆ ಕಡ್ಡಿ ತಾಗಿಸಿ. ರೆಪ್ಪೆ ಮಿಟುಕಿದರೆ ಎರಡು ಹೆಜ್ಜೆ ಹಿಂದೆ ಸರಿದು, ಮುಂಗಾಲಿನ ಹಿಂದೆ ಇನ್ನೊಂದು ಗುಂಡು ಹಾಕಿ. ಚಿಗಟ, ಕಜ್ಜಿ ಇರುತ್ತವೆ, ಕೈಗವಸು ಹಾಕದೆ ಎತ್ತಬೇಡಿ.