ಇನ್ಸುಲಿನ್ ಕೊಡುವ ಮುಂಚೆ ನಾನು ಏನೇನು ನೋಡುತ್ತೇನೆ

ಮೆಡಿಸಿನ್ ವಾರ್ಡಿನ ನರ್ಸ್ ಆಗಿ ನಾನು ಅತಿ ಎಚ್ಚರದಿಂದ ಕೊಡುವ ಔಷಧಿ ಇನ್ಸುಲಿನ್. ದಿನಾ ಕೊಡುವುದೇ ಅಲ್ವಾ ಅಂತ ಕೈ ತಾನಾಗೇ ಓಡುತ್ತದೆ. ಅಪಾಯ ಇರುವುದೇ ಅಲ್ಲಿ.

ನಮ್ಮಲ್ಲಿ ಮಾಮೂಲಾಗಿ ಬರುವ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ. ಗ್ಲಾರ್ಜಿನ್‌ನಂಥ, ನಿಧಾನವಾಗಿ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ನಿನಲ್ಲಿ ಹೆಚ್ಚಾಗಿ 100. ಸಿರಿಂಜೂ ಎರಡು ಥರ. 40ರದಕ್ಕೆ ಸಾಮಾನ್ಯವಾಗಿ ಕೆಂಪು ಕ್ಯಾಪ್, 100ರದಕ್ಕೆ ಕಿತ್ತಳೆ. ನೈಟ್ ಡ್ಯೂಟಿಯ ಮಂದ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಕ್ಯಾಪ್ ನೋಡಿ ನಂಬುವುದಿಲ್ಲ. ಸಿರಿಂಜನ್ನು ಬಾಟಲಿಯ ಪಕ್ಕ ಹಿಡಿದು, ಎರಡರ ಮೇಲಿನ ಸಂಖ್ಯೆಯನ್ನೂ ಓದುತ್ತೇನೆ.

100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಎಂಎಲ್, ಅಂದರೆ 50 ಯೂನಿಟ್. ಶುಗರ್ ಇಳಿದು ರೋಗಿ ಪ್ರಜ್ಞೆ ತಪ್ಪಲು ಅಷ್ಟು ಸಾಕು. ತಿರುಗಾಮುರುಗಾ ಆಗಿ 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ ಎಳೆದರೆ 20ರ ಜಾಗದಲ್ಲಿ ಬರೀ 8 ಯೂನಿಟ್ ಹೋಗುತ್ತದೆ. ಶುಗರ್ ಇಳಿದಿಲ್ಲ ಅಂತ ಮರುದಿನ ಡಾಕ್ಟರು ಡೋಸ್ ಏರಿಸುತ್ತಾರೆ. ಆಮೇಲೆ ಯಾರೋ ಸರಿಯಾದ ಸಿರಿಂಜ್ ಹಿಡಿದ ದಿನ ಏನಾಗುತ್ತದೆ, ಯೋಚಿಸಿ. ನನಗೆ ಜಾಸ್ತಿ ಭಯ ಇದರದ್ದೇ.

ಕೇಸ್ ಶೀಟಿನಲ್ಲಿ ಸುಮ್ನೆ ಇಂಗ್ಲಿಷಿನ 'ಯು' ಬರೆದಿದ್ದರೆ ಡಾಕ್ಟರಿಗೆ ಹೇಳಿ 'ಯೂನಿಟ್ಸ್' ಅಂತ ಪೂರ್ತಿ ಬರೆಸುತ್ತೇನೆ. ಅವಸರದ ಬರಹದಲ್ಲಿ ಆ ಅಕ್ಷರ ಸೊನ್ನೆಯ ಹಾಗೆ ಕಂಡು 10 ಇದ್ದದ್ದು 100 ಆಗಿಬಿಡುತ್ತದೆ.

ಎಳೆದ ಮೇಲೆ ಜೊತೆಗಿರುವವರಿಗೆ ತೋರಿಸುತ್ತೇನೆ. '12 ಇದೆ ಅಲ್ವಾ?' ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಯಾರಾದರೂ ಹೂಂ ಅಂತಾರೆ. ಬಾಟಲಿ, ಸಿರಿಂಜ್, ಚಾರ್ಟ್ ಮೂರನ್ನೂ ಕೈಗೆ ಕೊಟ್ಟು 'ಎಷ್ಟಿದೆ ಹೇಳಿ ಸಿಸ್ಟರ್' ಅನ್ನುತ್ತೇನೆ. ರೋಗಿಯ ಹೆಸರು ಕೇಳುವುದೂ ಹೀಗೇ. 'ಲಕ್ಷ್ಮಮ್ಮ ನೀವೇನಾ?' ಅಂದರೆ ಕಿವಿ ಸರಿಯಾಗಿ ಕೇಳದ ಅಜ್ಜಿ ತಲೆ ಆಡಿಸಿಬಿಡುತ್ತಾರೆ. ಪಕ್ಕದ ಬೆಡ್ಡಿನಲ್ಲಿ ಇನ್ನೊಬ್ಬ ಲಕ್ಷ್ಮಮ್ಮ ಇದ್ದರೂ ಇರಬಹುದು. 'ನಿಮ್ಮ ಹೆಸರೇನಜ್ಜಿ? ಯಾವೂರು?' ಅಂತ ಅವರ ಬಾಯಿಂದಲೇ ಹೇಳಿಸಿ, ಐಪಿ ನಂಬರನ್ನು (ಅಡ್ಮಿಟ್ ಆದಾಗ ಕೊಡುವ ನಂಬರು) ಚಾರ್ಟಿನ ಜೊತೆ ತಾಳೆ ನೋಡುತ್ತೇನೆ.

ಊಟ ಬಂತಾ, ವಾಂತಿ ಆಗುತ್ತಿದೆಯಾ, ಸ್ಕ್ಯಾನಿಂಗ್‌ಗೆ ಉಪವಾಸ ಇಟ್ಟಿದ್ದಾರಾ ಅಂತ ವಿಚಾರಿಸುವುದು ಚುಚ್ಚುವ ಮೊದಲೇ. ಉಪವಾಸ ಅಂತ ಗೊತ್ತಾದರೆ ಸಿರಿಂಜ್ ಮುಟ್ಟದೆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಸಹಿ ಹಾಕುವುದು ಕೊಟ್ಟ ತಕ್ಷಣ, ಅಲ್ಲೇ ನಿಂತು. ಆಮೇಲೆ ಹಾಕೋಣ ಅಂತ ಬಿಟ್ಟರೆ, ಮುಂದಿನ ಶಿಫ್ಟಿನವರು ಕೊಟ್ಟೇ ಇಲ್ಲ ಅಂದುಕೊಂಡು ಇನ್ನೊಂದು ಡೋಸ್ ಕೊಡಬಹುದು.

ಡಿಸ್ಚಾರ್ಜ್ ದಿನ ಮನೆಯವರನ್ನು ಕೂರಿಸಿಕೊಳ್ಳುತ್ತೇನೆ. 'ಮೆಡಿಕಲ್ ಶಾಪಿನಲ್ಲಿ ಬರೀ ಇನ್ಸುಲಿನ್ ಸಿರಿಂಜ್ ಕೊಡಿ ಅನ್ನಬೇಡಿ. ಈ ಬಾಟಲಿ ತೋರಿಸಿ, ಇದಕ್ಕೆ ಹೊಂದುವುದೇ ಬೇಕು ಅನ್ನಿ' ಎನ್ನುತ್ತೇನೆ. ಆಮೇಲೆ ಮಗನೋ ಸೊಸೆಯೋ ನನ್ನೆದುರೇ ಎಳೆದು, ಎಷ್ಟನೇ ಗೆರೆ ಅಂತ ತೋರಿಸಬೇಕು. ಅದು ಸರಿ ಬರುವವರೆಗೆ ಮತ್ತೆ ಮತ್ತೆ ಹೇಳಿಕೊಡುತ್ತೇನೆ, ಹೊರಗೆ ಆಟೋ ಕಾಯುತ್ತಿದ್ದರೂ ಸರಿ.