ಹೈ ವೋಲ್ಟೇಜ್ ಲೈನ್ ಟ್ರಿಪ್ ಆಗದಂಗೆ ನೋಡ್ಕೊಳ್ಳೋದು ಹೇಗೆ

ಮೊದ್ಲು ಮರ ನೋಡಿ, ಉಳಿದಿದ್ದೆಲ್ಲಾ ಆಮೇಲೆ. ಲೋಡ್ ಜಾಸ್ತಿ ಆದಾಗ ತಂತಿ ಬಿಸಿಯಾಗಿ ಉದ್ದ ಆಗಿ ಜೋತು ಬೀಳುತ್ತೆ, ಬೆಳಗ್ಗೆ ಇದ್ದ ಗ್ಯಾಪ್ ಮಧ್ಯಾಹ್ನ ಇರಲ್ಲ, ಕೊಂಬೆ ಮುಟ್ಟಲೇಬೇಕು ಅಂತಾನೂ ಇಲ್ಲ, ತೀರಾ ಹತ್ರ ಬಂದ್ರೂ ಸಾಕು ಫ್ಲ್ಯಾಶ್‌ಓವರ್ ಆಗುತ್ತೆ, ಅಂದ್ರೆ ಕರೆಂಟ್ ಗಾಳಿಯಲ್ಲೇ ಕಿಡಿಯಾಗಿ ಹಾರುತ್ತೆ, ಲೈನ್ ತಾನಾಗೇ ಆಫ್ ಆಗುತ್ತೆ, ಅದೇ ಟ್ರಿಪ್. 2003ರಲ್ಲಿ ಅಮೆರಿಕ, ಕೆನಡಾದಲ್ಲಿ ಸುಮಾರು 5 ಕೋಟಿ ಜನಕ್ಕೆ ಕರೆಂಟ್ ಹೋಗಿದ್ರಲ್ಲಿ ಕತ್ತರಿಸದೆ ಬಿಟ್ಟ ಮರಗಳ ಪಾತ್ರ ದೊಡ್ಡದು.

ಜಾಯಿಂಟ್‌ಗಳನ್ನ ಲೋಡ್ ಇರೋವಾಗ್ಲೇ ಥರ್ಮಲ್ ಕ್ಯಾಮೆರಾದಲ್ಲಿ ನೋಡಿ, ಇಲ್ಲಾಂದ್ರೆ ಕೆಟ್ಟ ಜಾಯಿಂಟೂ ತಣ್ಣಗೇ ಕಾಣುತ್ತೆ. ಮೂರು ಫೇಸಲ್ಲಿ ಒಂದು ಮಾತ್ರ ಬಿಸಿ ಇದ್ರೆ ಅದೇ ಕಳ್ಳ. ಇನ್ಸುಲೇಟರ್ (ತಂತಿಯಿಂದ ಟವರಿಗೆ ಕರೆಂಟ್ ಹೋಗದಂಗೆ ತಡೆಯೋದು) ಮೇಲಿನ ಧೂಳನ್ನ ಮಂಜು ಬೀಳೋ ಮೊದ್ಲೇ ತೊಳೆಸಿ, ಒಣಗಿದ್ದಾಗ ಸುಮ್ನಿರೋ ಕೊಳೆ ಒದ್ದೆ ಆದ್ರೆ ಕರೆಂಟ್ ಹರಿಸುತ್ತೆ. ಟವರ್ ಹತ್ತೋದು ಟ್ರೈನಿಂಗ್ ಆದೋರು ಮಾತ್ರ, ಆಫ್ ಮಾಡಿದ ಲೈನಿಗೂ ಅರ್ಥಿಂಗ್ ಹಾಕ್ಲೇಬೇಕು, ಪಕ್ಕದ ಲೈನಿಂದ ಇಂಡಕ್ಷನ್ ಬರುತ್ತೆ, ಅಂದ್ರೆ ಮುಟ್ಟದೇನೇ ಅದರಲ್ಲಿ ಕರೆಂಟ್ ಹುಟ್ಟುತ್ತೆ.