ನಿಮ್ಮ ಬಡಾವಣೆಯ ಪ್ರಶ್ನೆಯನ್ನು ವಿಧಾನಸಭೆಗೆ ತಲುಪಿಸುವುದು ಹೇಗೆ?

ಬೆಂಗಳೂರಿನಲ್ಲಿ ಶಾಸಕರ ಕಚೇರಿಗೆ ಹೋಗುವವರು ಜಾಸ್ತಿ ಕೇಳುವುದು ಒಂದು ಶಿಫಾರಸು ಪತ್ರ, ಇಲ್ಲವೇ ಅಧಿಕಾರಿಗೆ ಒಂದು ಫೋನ್. ಕೇಳಲಿ, ತಪ್ಪಿಲ್ಲ. ಆದರೆ ಶಾಸಕರಿಗೆ ಅದಕ್ಕಿಂತ ದೊಡ್ಡ ಅಧಿಕಾರ ಒಂದಿದೆ. ಅವರು ಸದನದಲ್ಲಿ ಸಚಿವರನ್ನು ಪ್ರಶ್ನೆ ಕೇಳಬಹುದು. ನೀವು ನಾನು ಬರೆದ ಪತ್ರ ಸಚಿವರ ಕಚೇರಿಯ ಕಡತದಲ್ಲಿ ಮಲಗಿಬಿಡಬಹುದು. ಸದನ ಒಪ್ಪಿಕೊಂಡ ಪ್ರಶ್ನೆಗೆ ಉತ್ತರ ಬರಲೇಬೇಕು. ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ ಎನ್ನುತ್ತದೆ ಸಂವಿಧಾನದ 164ನೇ ವಿಧಿ. ಪ್ರಶ್ನೋತ್ತರದ ಬಲವೆಲ್ಲ ಅಲ್ಲಿಂದಲೇ ಬರುವುದು.

ಮೊದಲು, ವಿಷಯ ಯಾರದು ನೋಡಿ

ಪೊಲೀಸ್, ಜಮೀನು ದಾಖಲೆ, ಕುಡಿಯುವ ನೀರು, ಸರ್ಕಾರಿ ಶಾಲೆ ಇವೆಲ್ಲ ರಾಜ್ಯದ ವ್ಯಾಪ್ತಿ. ಶಾಸಕರು ಕೇಳಬಹುದು. ರೈಲ್ವೆ, ಅಂಚೆ, ಪಾಸ್‌ಪೋರ್ಟ್ ಕೇಂದ್ರದ್ದು. ಅದಕ್ಕೆ ಸಂಸದರ ಹತ್ತಿರ ಹೋಗಿ. ಕಸ, ಬೀದಿದೀಪ ಪಾಲಿಕೆಯ ಕೆಲಸ. ಆದರೆ 2015ರಲ್ಲಿ ಗೆದ್ದ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಈ ನಗರ ವರ್ಷಗಟ್ಟಲೆ ಚುನಾಯಿತ ಪಾಲಿಕೆಯೇ ಇಲ್ಲದೆ ನಡೆದಿದೆ. 2025ರಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಪಾಲಿಕೆಗಳ ಮೇಲೆ ರಾಜ್ಯ ಸರ್ಕಾರದ ಹಿಡಿತ ಇರುವುದರಿಂದ, ಆ ಬಗ್ಗೆಯೂ ಸಚಿವರನ್ನು ಕೇಳಬಹುದು.

ಕೇಳುವವರನ್ನು ಹುಡುಕಿ

ನಿಮ್ಮ ವಿಧಾನಸಭಾ ಕ್ಷೇತ್ರದ ಹೆಸರು ಮತದಾರರ ಗುರುತಿನ ಚೀಟಿಯಲ್ಲೇ ಇರುತ್ತದೆ. ಅದನ್ನೇ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಎಷ್ಟೋ ಕಡೆ ರಸ್ತೆಯ ಆ ಬದಿ ಒಂದು ಕ್ಷೇತ್ರ, ಈ ಬದಿ ಇನ್ನೊಂದು.

ನಿಮ್ಮ ಶಾಸಕರೇ ಸಚಿವರಾಗಿದ್ದರೆ? ಸಚಿವರು ಪ್ರಶ್ನೆ ಕೇಳುವವರಲ್ಲ, ಉತ್ತರ ಕೊಡುವವರು. ಆಗ ವಿಧಾನ ಪರಿಷತ್ ಸದಸ್ಯರನ್ನು ಹಿಡಿಯಿರಿ. ಬೆಂಗಳೂರು ಪದವೀಧರ ಕ್ಷೇತ್ರ, ಬೆಂಗಳೂರು ಶಿಕ್ಷಕರ ಕ್ಷೇತ್ರ ಎಂದೇ ಎರಡಿವೆ. ಅಲ್ಲಿಂದ ಗೆದ್ದವರಿಗೆ ಪ್ರಶ್ನೆ ಕೇಳುವ ಹಕ್ಕು ಪೂರಾ ಇದೆ. ಪಕ್ಕದ ಕ್ಷೇತ್ರದ ಶಾಸಕರೂ ನಿಮ್ಮ ಪ್ರದೇಶದ ಬಗ್ಗೆ ಕೇಳಬಹುದು.

ಪ್ರಶ್ನೆಯನ್ನು ನೀವೇ ಬರೆದುಕೊಡಿ

ಹೆಚ್ಚಿನವರು ಎಡವುವುದು ಇಲ್ಲೇ. ಎರಡು ಪುಟ ಸಂಕಟ ಬರೆದುಕೊಟ್ಟರೆ ಅದನ್ನು ಪ್ರಶ್ನೆಯಾಗಿ ತಿದ್ದಲು ಶಾಸಕರ ಕಚೇರಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಸದನದ ಪ್ರಶ್ನೆಯಲ್ಲಿ ವಾದ, ಆರೋಪ, ಅಭಿಪ್ರಾಯ ನಡೆಯುವುದಿಲ್ಲ. ಕೋರ್ಟ್‌ನಲ್ಲಿರುವ ವಿಷಯವೂ ಆಗದು. ಮಾಹಿತಿ ಕೇಳಬೇಕು.

ಕಾವೇರಿ ನೀರನ್ನೇ ತೆಗೆದುಕೊಳ್ಳಿ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು. ನಿಮ್ಮ ಬಡಾವಣೆಯ ನಲ್ಲಿಯಲ್ಲಿ ಇನ್ನೂ ನೀರಿಲ್ಲ ಅಂದುಕೊಳ್ಳಿ. 'ನೀರಿನ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ?' ಎಂದು ಮಾತ್ರ ಕೇಳಿದರೆ 'ಬಂದಿದೆ' ಎಂಬ ಒಂದೇ ಪದದಲ್ಲಿ ಉತ್ತರ ಮುಗಿಯುತ್ತದೆ. ಹೀಗೆ ಕೇಳಿ:

(ಅ) ಈ ಬಡಾವಣೆಯಲ್ಲಿ ಕಾವೇರಿ ಸಂಪರ್ಕಕ್ಕೆ ಜಲಮಂಡಳಿಗೆ ಅರ್ಜಿ ಹಾಕಿದ ಮನೆಗಳು ಎಷ್ಟು?
(ಆ) ಅವುಗಳಲ್ಲಿ ಸಂಪರ್ಕ ಸಿಕ್ಕಿದ್ದು ಎಷ್ಟಕ್ಕೆ?
(ಇ) ಉಳಿದ ಮನೆಗಳಿಗೆ ಕೊಡದಿರಲು ಕಾರಣವೇನು? ಯಾವ ತಿಂಗಳೊಳಗೆ ಕೊಡಲಾಗುವುದು?

ಸಂಖ್ಯೆ, ಕಾರಣ, ಗಡುವು. ಈ ಮೂರನ್ನು ಕೇಳಿದರೆ ನುಣುಚಿಕೊಳ್ಳುವುದು ಕಷ್ಟ, ಅಲ್ವಾ? ಕೈಯಲ್ಲಿ ಒಂದಿಷ್ಟು ದಾಖಲೆ ಇದ್ದರೆ ಇನ್ನೂ ಒಳ್ಳೆಯದು. 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ ಮೊದಲೇ ತರಿಸಿಕೊಳ್ಳಿ. 30 ದಿನ ಬೇಕಾಗುತ್ತದೆ, ಅದಕ್ಕೆ ತಕ್ಕಂತೆ ಯೋಜಿಸಿ.

ಸಮಯ ನೋಡಿ ಕೊಡಿ

ಪ್ರಶ್ನೆಗೆ ಸಾಕಷ್ಟು ದಿನ ಮೊದಲೇ ಸೂಚನೆ ಕೊಡಬೇಕು. ಅಧಿವೇಶನ ಶುರುವಾದ ಮೇಲೆ ಓಡಿದರೆ ಸುಮ್ನೆ ಓಡಾಟ. ದಿನಾಂಕ ಪ್ರಕಟವಾದ ಕೂಡಲೇ ಹೋಗಿ. ಒಂದೇ ಪುಟ ಇರಲಿ, ಅಕ್ಕಪಕ್ಕದ ಮನೆಯವರ ಸಹಿ ಇರಲಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲೇ ಉತ್ತರಿಸಬೇಕು, ಶಾಸಕರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ರಹಿತವಾದರೆ ಲಿಖಿತ ಉತ್ತರ ಮಾತ್ರ. ಟಿವಿಯಲ್ಲಿ ಬರುವುದು ಮೊದಲನೆಯದೇ. ಆದರೂ ಅಂಕಿಅಂಶ ಬೇಕಿದ್ದರೆ ಚುಕ್ಕೆ ರಹಿತ ಪ್ರಶ್ನೆಯೇ ವಾಸಿ. ಅದು ಸಮಯದ ಅಭಾವದಲ್ಲಿ ಕೊಚ್ಚಿಹೋಗುವುದಿಲ್ಲ.

ಉತ್ತರ ಬಂದ ಮೇಲೆ

ಉತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತವೆ. ಮುದ್ರಿಸಿಟ್ಟುಕೊಳ್ಳಿ. ಇನ್ನು ಮೇಲೆ ಜಲಮಂಡಳಿಯ ಎಂಜಿನಿಯರ್ ಮುಂದೆ ಕೂತಾಗ ಆ ಹಾಳೆಯನ್ನೇ ಮುಂದಿಡಿ. ಸಚಿವರು ಸದನದಲ್ಲಿ ಕೊಟ್ಟ ದಿನಾಂಕವನ್ನು ಎಂಜಿನಿಯರ್ ಅಲ್ಲಗಳೆಯಲಾರರು. ಉತ್ತರದಲ್ಲಿ ಭರವಸೆ ಇದ್ದು ಕೆಲಸ ಆಗದಿದ್ದರೆ, ಅದನ್ನು ವಿಚಾರಿಸಲು ಸದನದ್ದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಪ್ರಶ್ನೆಯ ಸಂಖ್ಯೆ, ಉತ್ತರದ ದಿನಾಂಕ ಬರೆದು ಶಾಸಕರ ಮೂಲಕ ಆ ಸಮಿತಿಯ ಗಮನಕ್ಕೆ ತನ್ನಿ.